ಹೊದಿಸುವುದು, ಮುಚ್ಚಿಡುವುದು

ಕೇಕಿನ ಮೈಮೇಲೆ ಸವರುವ ಚಾಕೊಲೇಟಿನ ಪದರಕ್ಕೆ ಕನ್ನಡದಲ್ಲಿ ನಾವು ಇನ್ನೂ ಒಂದು ಹೆಸರು ಇಟ್ಟುಕೊಂಡಿಲ್ಲ. ಬೇಕರಿಯವರು ಐಸಿಂಗ್ ಅನ್ನುತ್ತಾರೆ. ಈಚೆಗೆ ತರಬೇತಿ ಪಡೆದು ಬಂದ ಹುಡುಗಿಯರು ಫ್ರಾಸ್ಟಿಂಗ್ ಅನ್ನುತ್ತಾರೆ. ಮಕ್ಕಳಿಗೆ ಅದೆಲ್ಲ ಬೇಡ, ಎಲ್ಲವನ್ನೂ ಒಟ್ಟಿಗೆ ‘ಕ್ರೀಮು’ ಎಂದು ಕರೆದು ಬೆರಳು ಅದ್ದಿ ನೆಕ್ಕುತ್ತಾರೆ. ನನ್ನ ಅತ್ತೆಯವರು ಮಾತ್ರ ಅದನ್ನು ಹೊದಿಕೆ ಎನ್ನುತ್ತಿದ್ದರು. ‘ಕೇಕು ಬೆಂದಾಯಿತಲ್ಲ, ಇನ್ನು ಹೊದಿಕೆ ಹೊದಿಸುವುದು ಯಾವಾಗ?’ ಎಂದು ಅವರು ಕೇಳುವಾಗ, ಚಳಿಗೆ ನಡುಗುವ ಮಗುವೊಂದನ್ನು ನಾನು ಹಾಗೇ ಬಿಟ್ಟು ಬಂದಿದ್ದೇನೋ ಅನಿಸಬೇಕು. ಆದರೆ ಆ ಹೊದಿಕೆಯ ಬಗ್ಗೆ ಅವರಿಗೆ ಒಂದು ಗುಮಾನಿ ಕೊನೆಯವರೆಗೂ ಇತ್ತು. ‘ಒಳ್ಳೆಯ ವಸ್ತುವಿಗೆ ಮುಸುಕು ಎಂತಕ್ಕೆ?’ ಎನ್ನುವುದು ಅವರ ಪ್ರಶ್ನೆ.

ಥಟ್ಟನೆ ಕೊಡಬಹುದಾದ ಉತ್ತರ ಅತ್ತೆಯವರ ಕೈಯಲ್ಲೇ ಇತ್ತು. ಅವರು ಮಾಡುತ್ತಿದ್ದ ಹೋಳಿಗೆ ನಮ್ಮ ಬಳಗದಲ್ಲೆಲ್ಲ ಹೆಸರುವಾಸಿ. ಹೋಳಿಗೆಯಲ್ಲಿ ಸಿಹಿ ಒಳಗೆ, ಸಪ್ಪೆ ಹೊರಗೆ. ಕಣಕದ ಮುಸುಕು ತೆಳ್ಳಗಾದಷ್ಟೂ ಮಾಡಿದವಳ ಕೈಗೆ ಮೆಚ್ಚುಗೆ. ಕಡುಬು, ಮೋದಕ, ಸುಕ್ಕಿನುಂಡೆ, ಹೀಗೆ ನಮ್ಮ ಹಬ್ಬದ ತಿಂಡಿಗಳಲ್ಲಿ ಅರ್ಧಕ್ಕರ್ಧ ಮುಸುಕು ಹಾಕಿಕೊಂಡೇ ಎಲೆಗೆ ಬರುತ್ತವೆ. ಮೋದಕ ತನ್ನನ್ನು ವಂಚಿಸಿತೆಂದು ಗಣಪತಿ ಎಂದೂ ದೂರಿದ್ದಿಲ್ಲ. ಕೇಕು ಇದನ್ನೇ ಮಗುಚಿ ಹಾಕಿದೆ, ಅಷ್ಟೆ. ಇಲ್ಲಿ ಸಾಧುವಾದದ್ದು ಒಳಗೆ, ಸಿಹಿಯ ಅಬ್ಬರ ಹೊರಗೆ.

ಈ ಉತ್ತರದಲ್ಲಿ ಒಂದು ತೂತಿದೆ. ಹೋಳಿಗೆ ತಿನ್ನುವವರಿಗೆ ಒಳಗೆ ಕಡಲೆಬೇಳೆ, ಬೆಲ್ಲ ಇದೆಯೆಂದು ಗೊತ್ತು. ಮುಸುಕಿನ ಗುಟ್ಟು ಊರಿಗೆಲ್ಲ ತಿಳಿದದ್ದು. ಕೇಕಿನ ಹೊದಿಕೆಯ ಕೆಳಗೆ ಏನಿದೆಯೆಂಬುದು ಮಾಡಿದವಳಿಗೆ ಮಾತ್ರ ಗೊತ್ತು. ತಿನ್ನುವವರು ಚಾಕು ಹಾಕಿ ನೋಡಿದರೂ ಕಾಣುವುದು ಕಪ್ಪು, ಮೆತ್ತಗಿನ ಒಂದು ತುಂಡು. ಅತ್ತೆಯವರ ಪ್ರಶ್ನೆ ಗಟ್ಟಿಯಾಗುವುದು ಇಲ್ಲಿ.

ಮೊದಲು ಈ ಹೊದಿಸುವ ಕೆಲಸ ಹೇಗೆ ನಡೆಯುತ್ತದೆಂದು ಹೇಳಿಬಿಡುತ್ತೇನೆ. ನಮ್ಮದು ಪುತ್ತೂರು. ನಾನು ಕೇಕು ಕಲಿತದ್ದು ಪ್ರೆಷರ್ ಕುಕ್ಕರಿನಲ್ಲಿ. ಗ್ಯಾಸ್ಕೆಟ್ಟು, ವೆಯ್ಟು ಎರಡನ್ನೂ ತೆಗೆದಿಟ್ಟು, ತಳಕ್ಕೆ ಮರಳು ಹಾಸಿ, ಅದರ ಮೇಲೆ ಪಾತ್ರೆಯಿಟ್ಟು ಬೇಯಿಸುವ ವಿದ್ಯೆ ಆ ಕಾಲದ ಹೆಂಗಸರಿಗೆಲ್ಲ ಗೊತ್ತಿತ್ತು. ಆಮೇಲೆ ಮುಚ್ಚಳದಲ್ಲಿ ಗಾಜಿನ ಕಣ್ಣಿದ್ದ ದುಂಡನೆಯ ಅಲ್ಯುಮಿನಿಯಂ ಓವನ್ ಬಂತು. ಈಗ ಪೆಟ್ಟಿಗೆಯಂತಹ ಓವನ್ ಇದೆ, ಆಚೀಚೆಯವರು ಹೇಳಿದರೆ ತಿಂಗಳಿಗೆ ನಾಲ್ಕಾರು ಕೇಕು ಮಾಡಿಕೊಡುತ್ತೇನೆ. ಓವನ್ ಯಾವುದಾದರೂ ಕೇಕು ಮಾತ್ರ ತನ್ನ ಸ್ವಭಾವ ಬಿಟ್ಟಿಲ್ಲ. ಅಂಚು ಬೇಗ ಬೆಂದು ಗಟ್ಟಿಯಾಗುತ್ತದೆ, ನಡು ನಿಧಾನವಾಗಿ ಉಬ್ಬಿ ಬಿರಿಯುತ್ತದೆ. ಪೂರ್ತಿ ತಣಿದ ಮೇಲೆ ಆ ಉಬ್ಬಿದ ತಲೆಯನ್ನು ಬ್ರೆಡ್ ಕೊಯ್ಯುವ ಉದ್ದ ಚಾಕುವಿನಿಂದ ಸಮ ಮಾಡಿ ತೆಗೆಯಬೇಕು. ತೆಗೆದ ತಲೆ ಮನೆಯ ಮಕ್ಕಳಿಗೆ ಸಲ್ಲುತ್ತದೆ, ಅದರಲ್ಲಿ ವಾದವಿಲ್ಲ. ಉಳಿದದ್ದನ್ನು ಅಡ್ಡಲಾಗಿ ಎರಡು ಬಿಲ್ಲೆ ಮಾಡಿ, ಸಕ್ಕರೆ ನೀರು ಚಿಮುಕಿಸಿ, ನಡುವೆ ಚಾಕೊಲೇಟು ಹಚ್ಚಿ, ಒಂದರ ಮೇಲೊಂದು ಕೂರಿಸಬೇಕು.

ಹೊದಿಸಲಿಕ್ಕೆ ನಾನು ಮಾಡುವುದು ಗನಾಶ್. ಹೆಸರು ಫ್ರೆಂಚರದ್ದು, ಕೆಲಸ ನಮ್ಮ ಪಾಕ ಹಿಡಿಯುವುದಕ್ಕಿಂತ ಸುಲಭ. ಕ್ರೀಮನ್ನು ಕುದಿಯುವ ಹೊಸ್ತಿಲಿಗೆ ತಂದು, ತುರಿದ ಚಾಕೊಲೇಟಿನ ಮೇಲೆ ಸುರಿದು, ಎರಡು ನಿಮಿಷ ಬಿಟ್ಟು, ನಡುವಿನಿಂದ ಮೆಲ್ಲಗೆ ಕಲಸಿದರೆ ಹೊಳೆಯುವ ಕಪ್ಪು ರೇಷ್ಮೆಯಂತೆ ಕೂಡಿಕೊಳ್ಳುತ್ತದೆ. ಡಿಸೆಂಬರಿನಲ್ಲಿ 200 ಗ್ರಾಂ ಚಾಕೊಲೇಟಿಗೆ 200 ಗ್ರಾಂ ಕ್ರೀಮು ಸಾಕು. ನಮ್ಮ ಕರಾವಳಿಯ ಏಪ್ರಿಲ್ಲಿಗೆ ಆ ಲೆಕ್ಕ ನಡೆಯುವುದಿಲ್ಲ, ಎರಡು ಪಾಲು ಚಾಕೊಲೇಟಿಗೆ ಒಂದೇ ಪಾಲು ಕ್ರೀಮು. ಬೆಣ್ಣೆ ಮತ್ತು ಪುಡಿ ಸಕ್ಕರೆ ಅರೆದು ಮಾಡುವ ಐಸಿಂಗಂತೂ ಆ ತಿಂಗಳಲ್ಲಿ ಫ್ಯಾನಿನ ಕೆಳಗೇ ಜಾರತೊಡಗುತ್ತದೆ.

ಒಂದೇ ಸಲಕ್ಕೆ ದಪ್ಪಗೆ ಬಳಿದರೆ ಕೇಕಿನ ಪುಡಿಯೆಲ್ಲ ಎದ್ದು ಬಂದು ಗೋಡೆಗೆ ಮರಳಿನ ಗಾರೆ ಮಾಡಿದಂತೆ ಕಾಣುತ್ತದೆ. ಅದಕ್ಕೆ ಮೊದಲು ತೆಳುವಾಗಿ ಒಂದು ಕೈ ಸವರಿ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಬೇಕು. ಪುಡಿ, ಬಿರುಕು, ಕೊರೆ, ಎಲ್ಲ ಅಲ್ಲಿಗೆ ಸಿಕ್ಕಿಬೀಳುತ್ತವೆ. ಎರಡನೆಯ ಪದರವೇ ಜನ ನೋಡುವ ಪದರ. ತಿರುಗಿಸುವ ಮಣೆ ಇಲ್ಲದವರು ಡಬ್ಬ ಕವಚಿ ಅದರ ಮೇಲೆ ತಟ್ಟೆಯಿಟ್ಟು ತಿರುಗಿಸಿದರೂ ನಡೆಯುತ್ತದೆ. ಚಾಕುವನ್ನು ಬಿಸಿನೀರಿಗೆ ಅದ್ದಿ, ಒರೆಸಿ, ಒಮ್ಮೆ ಸುತ್ತಿಸಿದರೆ ಕನ್ನಡಿ. ಆಮೇಲೆ ಹೂವು, ಬಳ್ಳಿ, ಹೆಸರು. ನಾನು ಬಹಳ ವರ್ಷ ತೊಳೆದು ಒಣಗಿಸಿದ ಹಾಲಿನ ತೊಟ್ಟೆಯ ಮೂಲೆ ಕತ್ತರಿಸಿ ಅದರಲ್ಲೇ ಹೆಸರು ಬರೆದವಳು. ರಂಗೋಲಿ ಎಳೆದು ರೂಢಿಯಿದ್ದ ಕೈಗೆ ಇದೇನು ಕಷ್ಟವಲ್ಲ. ಕನ್ನಡದ ಅಕ್ಷರಗಳಂತೂ ಕೇಕಿನ ಮೇಲೆ ಬರೆಯಲಿಕ್ಕೆಂದೇ ಹುಟ್ಟಿದ ಹಾಗಿವೆ, ಎಲ್ಲ ದುಂಡಗೆ. ಒತ್ತಕ್ಷರ ಬಂದಾಗ ಮಾತ್ರ ಸ್ವಲ್ಪ ಉಸಿರು ಬಿಗಿ ಹಿಡಿಯಬೇಕು.

ಈಗ ಪ್ರಶ್ನೆಗೆ ಬರುತ್ತೇನೆ. ಬಿರಿದ ನಡು, ಸೊಟ್ಟ ಅಂಚು, ಕತ್ತರಿಸುವಾಗ ಮುರಿದು ಮತ್ತೆ ಅಂಟಿಸಿದ ಮೂಲೆ, ಇವುಗಳನ್ನು ಮುಚ್ಚುವುದು ವಂಚನೆಯೇ? ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆಯಡಿಯಲ್ಲಿ ಇದೂ ಬರುತ್ತದೆಯೇ? ಬರುವುದಿಲ್ಲ ಎನ್ನುವುದು ನನ್ನ ತೀರ್ಮಾನ. ಅದಕ್ಕೆ ನಾನು ಇಟ್ಟುಕೊಂಡ ಅಳತೆ ತೀರಾ ಮನೆಮಟ್ಟದ್ದು. ಹೊದಿಕೆಯನ್ನು ಅವರ ಕಣ್ಣೆದುರಿಗೇ ಸರಿಸಿ ಒಳಗಿನದ್ದನ್ನು ತೋರಿಸಿದರೆ ಅವರು ನಗುತ್ತಾರೋ, ನೋಯುತ್ತಾರೋ? ಬಿರುಕು ಕಂಡರೆ ನಗುತ್ತಾರೆ. ‘ನಮ್ಮ ಮನೆಯಲ್ಲೂ ಹೀಗೇ ಆಗುವುದು’ ಎನ್ನುತ್ತಾರೆ. ನಗುವಂಥದ್ದನ್ನು ಹೊದಿಸಬಹುದು. ಬಿರುಕನ್ನು ಹೊದಿಸುವುದು ಮದುವೆಯ ದಿನ ಹೆಣ್ಣಿನ ಕಣ್ಣ ಕೆಳಗಿನ ಕಪ್ಪಿಗೆ ಒಂದಿಷ್ಟು ಪೌಡರು ಹಚ್ಚಿದಷ್ಟೇ. ಅವಳು ಒಬ್ಬಳ ಬದಲು ಇನ್ನೊಬ್ಬಳಾಗಲಿಲ್ಲ.

ನೋಯುವಂಥದ್ದೂ ಇರುತ್ತದೆ. ನಮ್ಮ ಊರುಗಳಲ್ಲಿ ಅದರ ಹೆಸರು ಮೊಟ್ಟೆ.

ನಮ್ಮ ಬೀದಿಯ ಕೊನೆಯ ಮನೆಯ ಸೊಸೆ ಒಮ್ಮೆ ಮಗನ ಹುಟ್ಟುಹಬ್ಬಕ್ಕೆ ಒಂದು ಕಿಲೋದ ಚಾಕೊಲೇಟ್ ಕೇಕು ಹೇಳಿದರು. ಮೊಟ್ಟೆ ಹಾಕಿದ್ದೇ ಆಗಬೇಕು, ಹುಡುಗನ ಸ್ನೇಹಿತರೆಲ್ಲ ಬರುತ್ತಾರೆ, ಮೆತ್ತಗಿರಬೇಕು. ಸರಿ ಎಂದೆ. ಹೊರಟವರು ಚಪ್ಪಲಿ ಮೆಟ್ಟುತ್ತಾ ಸಣ್ಣ ದನಿಯಲ್ಲಿ ಹೇಳಿದರು: ‘ಅಕ್ಕ, ನೀವೂ ಬರುತ್ತೀರಲ್ಲ, ಅತ್ತೆ ಕೇಳಿದರೆ ಮೊಟ್ಟೆ ಇಲ್ಲ ಅಂತ ಹೇಳಿಬಿಡಿ.’ ಅವರ ಅತ್ತೆ ಎಂಬತ್ತು ದಾಟಿದವರು. ಹುಟ್ಟಿದಾರಭ್ಯ ಮೊಟ್ಟೆ ಮುಟ್ಟಿದವರಲ್ಲ. ನಾನು ತಡೆದದ್ದನ್ನು ಕಂಡು ಆಕೆ ಮುಂದುವರಿಸಿದರು: ‘ಮೊಮ್ಮಗ ಬಾಯಿಗಿಡಲಿಕ್ಕೆ ಬಂದಾಗ ಬೇಡ ಎನ್ನಬೇಕಲ್ಲ ಅಂತ ಅವರಿಗೇ ಸಂಕಟ. ಕಳೆದ ವರ್ಷ ಹುಡುಗ ಅತ್ತೇ ಬಿಟ್ಟ. ಗೊತ್ತಿಲ್ಲದೆ ತಿಂದರೆ ಅವರಿಗೆ ಪಾಪ ಉಂಟಾ? ಇಬ್ಬರಿಗೂ ಸಂತೋಷ.’

ಓದುವವರು ಆ ಸೊಸೆಯನ್ನು ಸುಲಭವಾಗಿ ಬೈಯಬಾರದು. ಆಕೆಯ ಮಾತಿನಲ್ಲಿ ಕಪಟವಿರಲಿಲ್ಲ. ವಯಸ್ಸಾದ ಅತ್ತೆಯ ಸಕ್ಕರೆ, ಬಿ.ಪಿ., ಮಾತ್ರೆ, ಮಡಿ, ಎಲ್ಲವನ್ನೂ ಹೊತ್ತುಕೊಂಡು ನಡೆಸುವವರು ಆಕೆಯೇ. ಆ ವಾದಕ್ಕೆ ಬಲವೂ ಇದೆ. ತಿನ್ನುವವರಿಗೆ ತಿಳಿಯುವುದಿಲ್ಲ, ಹೊಟ್ಟೆಗೆ ಕೆಡುಕಿಲ್ಲ, ಮಗುವಿಗೆ ಸಂತೋಷ, ಮನೆಯಲ್ಲಿ ಶಾಂತಿ. ತಕ್ಕಡಿಯ ಆ ಕಡೆ ಏನಿದೆ? ನನ್ನ ಬಾಯಿಂದ ಹೊರಡುವ ಒಂದು ‘ಇಲ್ಲ’, ಅಷ್ಟೇ ತಾನೇ?

ನಾನು ಎರಡು ರಾತ್ರಿ ಅದನ್ನೇ ಮಗುಚಿ ಹಾಕಿದೆ. ಮೊಟ್ಟೆ ತಿನ್ನುವುದು ಪಾಪವೆಂದು ನಾನು ನಂಬಿದವಳಲ್ಲ, ನಾನೂ ತಿನ್ನುತ್ತೇನೆ. ನನ್ನ ಮಗಳು ಇನ್ನೂ ಮುಂದೆ ಹೋಗಿ ಕೇಳಿದಳು: ‘ಅಮ್ಮಾ, ಆ ಅಜ್ಜಿ ಬೇಕರಿಯ ವೆಜ್ ಪಫ್ ತಿನ್ನುತ್ತಾರಲ್ಲ, ಅದೂ ಎಗ್ ಪಫ್ಫೂ ಬೇಯುವುದು ಒಂದೇ ಓವನಿನಲ್ಲಿ, ಕತ್ತರಿಸುವುದು ಒಂದೇ ಚಾಕುವಿನಲ್ಲಿ. ಅವರ ವ್ರತ ಯಾವಾಗಲೋ ಮುರಿದುಹೋಗಿದೆ. ನೀನು ಯಾವುದನ್ನು ಕಾಯುತ್ತೀ?’ ಒಳ್ಳೆಯ ಪ್ರಶ್ನೆ. ವಕೀಲರ ಹತ್ತಿರ ಕೇಳುವಂಥದ್ದು.

ನನಗೆ ಹೊಳೆದದ್ದು ಇಷ್ಟು. ಆ ಅಜ್ಜಿಯ ವ್ರತ ಎಷ್ಟು ಶುದ್ಧವಾಗಿ ಉಳಿದಿದೆ ಎಂದು ಅಳೆಯುವ ಕೆಲಸ ನನ್ನದಲ್ಲ. ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎನ್ನುವುದನ್ನು ಅವರು ಎಂಬತ್ತು ವರ್ಷ ತಾವೇ ತೀರ್ಮಾನಿಸಿಕೊಂಡು ಬಂದಿದ್ದಾರೆ. ಬೇಕರಿಯ ಚಾಕುವನ್ನು ನೋಡದಂತೆ ಇರುವುದೂ ಅವರದೇ ತೀರ್ಮಾನ ಇದ್ದೀತು. ನಾನು ಇಲ್ಲವೆಂದರೆ ಆ ತೀರ್ಮಾನ ಅವರ ಕೈಯಿಂದ ನನ್ನ ಕೈಗೆ ಬರುತ್ತದೆ, ಬಂದದ್ದು ಅವರಿಗೆ ತಿಳಿಯುವುದೂ ಇಲ್ಲ. ಮಾತ್ರೆಯನ್ನು ಬಾಳೆಹಣ್ಣಿನಲ್ಲಿ ಅಡಗಿಸಿ ಮಗುವಿಗೆ ಕೊಡುತ್ತೇವೆ, ನಿಜ. ಮಗುವಿಗೆ ನಾವು ದೊಡ್ಡವರು. ಆ ಅಜ್ಜಿಗೆ ನಾನು ಎಂದಿನಿಂದ ದೊಡ್ಡವಳಾದೆ? ಮುದುಕರನ್ನು ಮಕ್ಕಳಂತೆ ನೋಡಿಕೊಳ್ಳಬೇಕು ಎನ್ನುವುದು ಪ್ರೀತಿಯ ಮಾತಾಗಿ ಶುರುವಾಗುತ್ತದೆ, ಹಾಗೆಯೇ ಅವರ ಇಷ್ಟಾನಿಷ್ಟದ ಬೀಗದ ಕೈ ನಮ್ಮ ಸೊಂಟಕ್ಕೆ ಬಂದುಬಿಡುತ್ತದೆ. ನಾಳೆ ನಾನೂ ಎಂಬತ್ತಾಗುವವಳೇ. ನನ್ನ ತಟ್ಟೆಯಲ್ಲಿ ಏನಿದೆಯೆಂದು ಕೇಳಿದಾಗ, ನನ್ನ ಸಂತೋಷಕ್ಕೆಂದೇ ಯಾರೋ ಸುಳ್ಳು ಹೇಳುವುದನ್ನು ನೆನೆದರೆ ಹೊಟ್ಟೆಯೊಳಗೆ ಏನೋ ಕದಡುತ್ತದೆ.

ಇನ್ನೊಂದು ಮಾತು. ವ್ರತದ ಪ್ರಶ್ನೆ ಎಂದು ತಳ್ಳಿಹಾಕುವವರಿಗೆ ಹೇಳುತ್ತೇನೆ, ಮೊಟ್ಟೆ, ಗೋಡಂಬಿ, ನೆಲಗಡಲೆ ಮೈಗೆ ಒಗ್ಗದ ಮಕ್ಕಳಿದ್ದಾರೆ. ಕೆಲವರಿಗೆ ಚೂರು ನಾಲಿಗೆಗೆ ತಾಗಿದರೆ ತುಟಿ ಊದಿ ಉಸಿರು ಕಟ್ಟುತ್ತದೆ. ‘ಗೊತ್ತಿಲ್ಲದೆ ತಿಂದರೆ ಏನಾಗುತ್ತದೆ’ ಎಂಬ ವಾದ ಅಲ್ಲಿ ಒಂದು ನಿಮಿಷವೂ ನಿಲ್ಲುವುದಿಲ್ಲ.

ಮರುದಿನ ಆ ಸೊಸೆಗೆ ಫೋನು ಮಾಡಿ, ಪೂರ್ತಿ ಮೊಸರು ಮತ್ತು ಸೋಡಾದ ಕೇಕೇ ಮಾಡಿಕೊಡುತ್ತೇನೆ, ಒಳ್ಳೆಯದೇ ಆಗುತ್ತದೆ ಎಂದೆ. ಆಕೆಗೆ ಅದು ಬೇಡ. ಮೊಟ್ಟೆಯ ಕೇಕು ಗಾಳಿ ತುಂಬಿ ಹಗುರಾಗುತ್ತದೆ, ಮೊಸರಿನದ್ದು ಸ್ವಲ್ಪ ಒತ್ತಾಗಿ ತೇವವಾಗಿರುತ್ತದೆ, ಆ ವ್ಯತ್ಯಾಸ ಆಕೆಗೆ ಗೊತ್ತು. ಕೊನೆಗೆ ಎರಡು ಮಾಡಿದೆ. ದೊಡ್ಡದು ಮೊಟ್ಟೆಯದ್ದು, ಬಟ್ಟಲಿನಷ್ಟು ಸಣ್ಣದು ಮೊಸರಿನದ್ದು. ಸಣ್ಣದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಎರಡಕ್ಕೂ ಒಂದೇ ಗನಾಶ್ ಹೊದಿಸಿ, ಸಣ್ಣದರ ನೆತ್ತಿಗೆ ಒಂದು ಗೋಡಂಬಿ ಒತ್ತಿದೆ.

ಸಂಜೆ ಹುಡುಗ ತುಂಡು ಹಿಡಿದು ಅಜ್ಜಿಯ ಬಳಿ ಹೋದ. ಅವರು ನನ್ನನ್ನು ಹತ್ತಿರ ಕರೆದರು. ‘ಇದರಲ್ಲಿ ಮೊಟ್ಟೆ ಉಂಟಾ?’

‘ಇಲ್ಲ ದೊಡ್ಡಮ್ಮ, ಇದರಲ್ಲಿ ಇಲ್ಲ. ಆ ದೊಡ್ಡದರಲ್ಲಿ ಉಂಟು.’

ಅವರು ಕನ್ನಡಕ ಸರಿ ಮಾಡಿಕೊಂಡು ಅದನ್ನೂ ಇದನ್ನೂ ನೋಡಿದರು. ‘ನೋಡಲಿಕ್ಕೆ ಎರಡೂ ಒಂದೇ.’

‘ಹೌದು ದೊಡ್ಡಮ್ಮ.’

‘ಹಾಗಾದರೆ ನಿನ್ನ ಬಾಯಿಯೇ ಸಾಕ್ಷಿ’ ಎಂದು ಬಾಯಿ ತೆರೆದರು. ಹುಡುಗ ತುಂಡನ್ನು ಇಟ್ಟ, ಅರ್ಧ ಸೆರಗಿಗೆ ಬಿತ್ತು.

ಇಲ್ಲಿಗೆ ನಿಲ್ಲಿಸಿದರೆ ನಾನು ಗೆದ್ದ ಕತೆಯಾಗುತ್ತದೆ. ಆ ಮನೆಗೆ ಮೊಟ್ಟೆಯ ಕೇಕು ಬಂದದ್ದು ಅಜ್ಜಿಗೆ ನನ್ನ ಬಾಯಿಂದ ತಿಳಿಯಿತು. ಅದಕ್ಕೆ ಮುಂಚೆ ಅವರು ತಿಳಿಯದವರಂತೆ ಇದ್ದರೋ, ನಿಜವಾಗಿ ತಿಳಿದಿರಲಿಲ್ಲವೋ, ಅದು ಅವರಿಗೇ ಗೊತ್ತು. ಮಾತು ಬೆಳೆಯಿತು, ದೇವರ ಕೋಣೆ ಇರುವ ಮನೆ ಎಂದೆಲ್ಲ ಆಯಿತು, ಸೊಸೆಗೆ ಕೆಲವು ದಿನ ಕಷ್ಟವೇ ಆಯಿತು. ನಿಜ ಹೇಳಿ ಹಗುರಾದದ್ದು ನಾನು, ಭಾರ ಹೊತ್ತದ್ದು ಆಕೆ. ‘ಇದರಲ್ಲಿ ಇಲ್ಲ’ ಎಂದು ಅಲ್ಲಿಗೇ ನಿಲ್ಲಿಸಬಹುದಿತ್ತಲ್ಲ ಎಂದು ನನ್ನ ಗಂಡ ಕೇಳಿದರು. ನಿಲ್ಲಿಸಬಹುದಿತ್ತು. ಆದರೆ ಮುಂದಿನ ತುಂಡನ್ನು ಮಗು ಯಾವುದರಿಂದ ಕೊಯ್ದು ತರುತ್ತಾನೋ, ಯಾವ ನೆಂಟರು ಅಕ್ಕರೆಯಿಂದ ಯಾವುದನ್ನು ಬಡಿಸುತ್ತಾರೋ? ಎರಡೂ ಒಂದೇ ತರಹ ಕಾಣುವಾಗ ಒಂದರ ನಿಜ ಹೇಳಿದರೆ ಅರ್ಧ ನಿಜ. ಆ ಸೊಸೆ ಆರು ತಿಂಗಳು ನನ್ನಲ್ಲಿ ಕೇಕು ಹೇಳಲಿಲ್ಲ. ಆಮೇಲೆ ಹೇಳಿದರು, ಮೊಸರಿನದ್ದು.

ಅರ್ಧ ನಿಜ ಎಂದಾಗ ಧರ್ಮರಾಯನ ನೆನಪಾಗದೆ ಇರುವುದಿಲ್ಲ. ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಆನೆ ಎಂಬುದನ್ನು ಕೇಳಿಸದಂತೆ ಹೇಳಿದ. ಅದುವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ನೆಲಕ್ಕಿಳಿಯಿತು ಎಂದು ಕತೆ. ಈ ತಗ್ಗಿದ ದನಿ ನನಗೆ ಈಗ ಹೆಚ್ಚಾಗಿ ಕೇಳಿಸುವುದು ಅಂಗಡಿಯ ಕಪಾಟಿನಲ್ಲಿ. ಕೇಕು ಮಾಡುವವರಿಗೆಂದು ಬರುವ ಚಾಕೊಲೇಟಿನ ಗಟ್ಟಿ ನೋಡಿ. ‘ಡಾರ್ಕ್’ ಎಂಬುದು ದೊಡ್ಡ ಅಕ್ಷರದಲ್ಲಿ, ‘ಕಾಂಪೌಂಡ್’ ಎಂಬುದು ಅದರ ಮಗ್ಗುಲಲ್ಲಿ ಸಣ್ಣಗೆ. ಕೋಕೋ ಬೀಜದ್ದೇ ಬೆಣ್ಣೆಯಿಂದ ಮಾಡಿದ್ದು ಚಾಕೊಲೇಟು. ಆ ಬೆಣ್ಣೆಯ ಬದಲು ಬೇರೆ ಸಸ್ಯದ ಎಣ್ಣೆಯನ್ನು ಗಟ್ಟಿ ಮಾಡಿ, ಕೋಕೋ ಪುಡಿ ಬೆರೆಸಿದ್ದು ಕಾಂಪೌಂಡ್. ಬೇಕರಿಯ ಕೇಕಿನ ಮೇಲೆ ಮೋಡದಂತೆ ನಿಲ್ಲುವ ಬಿಳಿ ‘ಕ್ರೀಮು’ ಕೂಡ ಬಹಳಷ್ಟು ಕಡೆ ಹಾಲಿನ ಮುಖ ಕಾಣದ ಸಸ್ಯ ಕೊಬ್ಬು.

ಕಾಂಪೌಂಡಿನ ಮೇಲೆ ನನಗೇನೂ ದ್ವೇಷವಿಲ್ಲ. ಅದು ಸೆಖೆ ತಡೆಯುತ್ತದೆ, ಕರಗಿಸಿದರೆ ತಾನಾಗಿ ಗಟ್ಟಿಯಾಗುತ್ತದೆ, ಬೆಲೆ ಕಡಿಮೆ. ಚಾಕೊಲೇಟು ಹಾಗಲ್ಲ, ಬಹಳ ಅಭಿಮಾನಿ. ಕರಗಿಸುವಾಗ ಒಂದು ಹನಿ ನೀರು ತಾಗಿದರೆ ಮುನಿಸಿಕೊಂಡು ಗರಣೆಯಾಗಿ ಕುಳಿತುಬಿಡುತ್ತದೆ. ಆದರೆ ಕಾಂಪೌಂಡು ಹೊದಿಸಿ ಚಾಕೊಲೇಟಿನ ದುಡ್ಡು ತೆಗೆದುಕೊಳ್ಳುವುದು ಬೇರೆ ಮಾತು. ಹೊದಿಕೆಯ ವಿಚಾರದಲ್ಲಿ ಹೊದಿಕೆಯೇ ಸುಳ್ಳು ಹೇಳಿದಂತೆ. ನಮ್ಮ ಊರಿನವರಿಗೆ ಇದು ಇನ್ನೂ ಹೆಚ್ಚು ತಾಗಬೇಕು. ಅಡಿಕೆ ತೋಟದ ನೆರಳಿನಲ್ಲಿ ಕೋಕೋ ಬೆಳೆಯುವವರು ನಾವು. ಕಾಯಿ ಒಡೆದು ಒಳಗಿನ ಬಿಳಿ ಲೋಳೆಯನ್ನು ಚೀಪಿ ಬೆಳೆದ ಮಕ್ಕಳು ನಮ್ಮವರು. 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲೇ ಚಾಕೊಲೇಟ್ ಕಾರ್ಖಾನೆ ತೆರೆದದ್ದು ಈ ಬೆಳೆಗಾರರಿಗಾಗಿ. 2024ರ ಮಾರ್ಚಿನಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಕೋಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿದಾಗ ಮನೆಯಲ್ಲಿ ಕೇಕು ಮಾಡುವ ಎಷ್ಟೋ ಜನ ಸದ್ದಿಲ್ಲದೆ ಕಾಂಪೌಂಡಿಗೆ ಹೊರಳಿದರು. ಹೊರಳಿದ್ದು ತಪ್ಪಲ್ಲ, ಸದ್ದಿಲ್ಲದ್ದು ತಪ್ಪು ಎನ್ನುವುದು ನನ್ನ ಅಭಿಪ್ರಾಯ. ‘ಈ ಬೆಲೆಗೆ ಕಾಂಪೌಂಡು, ಆ ಬೆಲೆಗೆ ಚಾಕೊಲೇಟು’ ಎಂದು ಹೇಳಿದರೆ ಹೆಚ್ಚಿನವರು ‘ಕಾಂಪೌಂಡೇ ಸಾಕು’ ಎನ್ನುತ್ತಾರೆ, ನಾನು ಕಂಡಿದ್ದೇನೆ.

ಬಣ್ಣದ ವಿಷಯ ಇನ್ನೂ ಗಂಭೀರ. ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ 2024ರಲ್ಲಿ 235 ಕೇಕಿನ ಮಾದರಿಗಳನ್ನು ಪರೀಕ್ಷೆ ಮಾಡಿಸಿದಾಗ 12ರಲ್ಲಿ ಕೃತಕ ಬಣ್ಣಗಳು ಅಪಾಯದ ಮಟ್ಟದಲ್ಲಿದ್ದವು. ಉಳಿದ 223 ಸರಿಯಾಗಿಯೇ ಇದ್ದವು ಎನ್ನುವುದನ್ನೂ ಹೇಳಬೇಕು. ಚಾಕೊಲೇಟ್ ಕೇಕು ಮಾಡುವವರಿಗೆ ಈ ಒಂದು ತಲೆನೋವು ಕಡಿಮೆ, ಕೋಕೋ ತನ್ನ ಬಣ್ಣವನ್ನು ತಾನೇ ತರುತ್ತದೆ.

ಪೊಟ್ಟಣದಲ್ಲಿ ಬರುವ ತಿಂಡಿಗಾದರೆ ಗುರುತು ಇದೆ, ಸಸ್ಯಾಹಾರಕ್ಕೆ ಹಸಿರು ಚುಕ್ಕಿ, ಮಾಂಸಾಹಾರಕ್ಕೆ ಕಂದು ಗುರುತು. ಮೊಟ್ಟೆ ಸೇರಿದ್ದಕ್ಕೂ ಆ ಕಂದು ಗುರುತೇ. ಮನೆಯಿಂದ ತಟ್ಟೆಯಲ್ಲಿಟ್ಟು ಕೊಡುವ ಕೇಕಿಗೆ ಯಾವ ಚುಕ್ಕಿ? ಇದ್ದದ್ದು ಒಂದು ಮಾತು, ‘ಮನೆಯಲ್ಲೇ ಮಾಡಿದ್ದು’. ಈ ಮಾತು ಎಷ್ಟು ದಪ್ಪದ ಹೊದಿಕೆಯೆಂದು ನಮಗೇ ಗೊತ್ತಿಲ್ಲ. ಮನೆಯದ್ದು ಎಂದ ಕೂಡಲೇ ಜನ ಶುದ್ಧ, ತಾಜಾ, ಪ್ರೀತಿಯದ್ದು ಎಂದು ತಾವಾಗಿ ಸೇರಿಸಿಕೊಳ್ಳುತ್ತಾರೆ. ಪ್ಯಾಕೆಟ್ಟಿನ ಸಿದ್ಧ ಹುಡಿಗೆ ನೀರು, ಎಣ್ಣೆ ಸೇರಿಸಿ ಮನೆಯ ಓವನಿನಲ್ಲಿ ಬೇಯಿಸಿದರೂ ಮನೆಯದ್ದೇ. ಸಿದ್ಧ ಹುಡಿಯ ದೋಸೆ ಮನೆಯ ದೋಸೆಯಲ್ಲವೇ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಚುರುಕಾದ ಉತ್ತರವಿಲ್ಲ. ಆದರೆ ಕೇಳಿದವರಿಗೆ ಹುಡಿಯದ್ದು ಎಂದು ಹೇಳಲು ನಾಲಿಗೆ ತಡವರಿಸುತ್ತದೆಯೋ ಇಲ್ಲವೋ ಎನ್ನುವುದನ್ನು ನೋಡಿಕೊಂಡರೆ ಸಾಕು. ತಡವರಿಸಿದರೆ ಅಲ್ಲಿ ಏನೋ ಮುಚ್ಚಿಟ್ಟಿದೆ.

ಹಾಗಿದ್ದರೆ ಎಲ್ಲವನ್ನೂ ಹೇಳಿಬಿಡಬೇಕೇ? ಇಲ್ಲಿ ನನ್ನ ಮನಸ್ಸು ಇನ್ನೊಂದು ಕಡೆಗೆ ವಾಲುತ್ತದೆ. ಹೇಳದೆ ಇರಬೇಕಾದದ್ದೂ ಉಂಟು, ಅದನ್ನು ನಾನು ಕಂಡುಕೊಂಡದ್ದು ಕೇಕನ್ನು ಹೊತ್ತುಕೊಂಡು ಹೋಗುವ ದಾರಿಯಲ್ಲಿ.

ಕೇಕನ್ನು ಮಾಡುವುದು ಅರ್ಧ ಕೆಲಸ, ಮುಟ್ಟಿಸುವುದು ಉಳಿದರ್ಧ. ಕೇಕಿನ ಹಲಗೆಗೆ ಮೊದಲು ಒಂದು ಚಮಚ ಗನಾಶ್ ಮೆತ್ತಿ ಅದರ ಮೇಲೆ ಕೇಕು ಕೂರಿಸಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಜಾರುತ್ತದೆ. ಪೆಟ್ಟಿಗೆ ಹಲಗೆಗೆ ಬಿಗಿಯಾಗಿರಬೇಕು, ಎತ್ತರದಲ್ಲಿ ಮಾತ್ರ ಸಡಿಲ. ಹೊರಡುವ ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಬೇಕು. ಫ್ರಿಜ್ಜಿನಿಂದ ತೆಗೆದದ್ದನ್ನು ನಮ್ಮ ಕಡೆಯ ತೇವದ ಗಾಳಿಗೆ ಒಡ್ಡಿದರೆ ಮೈತುಂಬ ಬೆವರಿಳಿಯುತ್ತದೆ, ಆದ್ದರಿಂದ ಮುಟ್ಟಿದ ಮೇಲೂ ಸ್ವಲ್ಪ ಹೊತ್ತು ಪೆಟ್ಟಿಗೆ ತೆರೆಯಬಾರದು. ಕಾರಿನಲ್ಲಾದರೆ ಸೀಟಿನ ಮೇಲೆ ಇಡಬೇಡಿ, ಸೀಟು ಹಿಂದಕ್ಕೆ ಇಳಿಜಾರಾಗಿರುತ್ತದೆ. ಕಾಲಿಡುವ ಜಾಗದಲ್ಲಿ, ರಬ್ಬರಿನ ಚಾಪೆಯ ಮೇಲೆ ಸಪಾಟಾಗಿ ಇಡಿ. ತೊಡೆಯ ಮೇಲಂತೂ ಬೇಡವೇ ಬೇಡ. ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಯಲ್ಲಿ, ನಮ್ಮ ಮೈ 37. ಅಕ್ಕರೆಯಿಂದ ಮಡಿಲಲ್ಲಿ ಇಟ್ಟುಕೊಂಡದ್ದೇ ಅದಕ್ಕೆ ಮುಳುವು.

ನಾನು ಹೋದದ್ದು ಬಸ್ಸಿನಲ್ಲಿ, ಹಾಸನದಲ್ಲಿರುವ ತಂಗಿಯ ಮನೆಗೆ, ಅವಳ ಮಗನ ಆರನೆಯ ಹುಟ್ಟುಹಬ್ಬಕ್ಕೆ. ಏಪ್ರಿಲ್ ತಿಂಗಳು. ಬಸ್ಸಿನ ಹಿಂಭಾಗ ಎತ್ತಿ ಹಾಕುತ್ತದೆ, ಮುಂಭಾಗದಲ್ಲಿ ಎಂಜಿನ್ನಿನ ಕಾವು, ಹಾಗಾಗಿ ನಡುವಿನ ಸೀಟು ಹಿಡಿದು, ಥರ್ಮೋಕೋಲ್ ಪೆಟ್ಟಿಗೆಯನ್ನು ಮಡಚಿದ ಕಂಬಳಿಯ ಮೇಲೆ ಕಾಲ ಸಂದಿಯಲ್ಲಿ ಇಟ್ಟುಕೊಂಡೆ. ಉಪ್ಪಿನಂಗಡಿ ದಾಟುವವರೆಗೆ ಸುಖ. ಶಿರಾಡಿ ಘಾಟಿಯಲ್ಲಿ ಎದುರು ಲಾರಿ ಬಂದು ಚಾಲಕರು ಬ್ರೇಕು ಒತ್ತಿದ ರಭಸಕ್ಕೆ ಪಕ್ಕದ ಸೀಟಿನವರ ಅಕ್ಕಿಚೀಲ ಬಂದು ಪೆಟ್ಟಿಗೆಗೆ ಒರಗಿತು. ಪಾಪ, ಅವರು ಘಾಟಿಯುದ್ದಕ್ಕೂ ‘ಎಂತ ಆಯಿತೋ ಮಾರಾಯ್ತಿ’ ಎಂದು ಹಲುಬಿದರು. ತೆರೆದು ನೋಡುವಂತಿಲ್ಲ. ಸಕಲೇಶಪುರದಲ್ಲಿ ಗಾಳಿ ತಂಪಾದಾಗ ಎಲ್ಲರೂ ಕಿಟಕಿ ತೆರೆದು ಬೆಟ್ಟ ನೋಡಿದರು, ನಾನು ಪೆಟ್ಟಿಗೆ ನೋಡಿದೆ.

ತಂಗಿಯ ಅಡುಗೆಮನೆಯಲ್ಲಿ ಬಾಗಿಲು ಹಾಕಿ ತೆರೆದರೆ ಒಂದು ಪಕ್ಕ ಅಂಗೈ ಅಗಲ ಜಜ್ಜಿತ್ತು. ಕೈಚೀಲದಲ್ಲಿ ಸಣ್ಣ ಡಬ್ಬಿಯಲ್ಲಿ ಮೀಸಲು ಗನಾಶ್ ಇರುತ್ತದೆ, ಇಂಥ ಪ್ರಯಾಣಕ್ಕೆ ಅದಿಲ್ಲದೆ ನಾನು ಹೊರಡುವುದಿಲ್ಲ. ಬಿಸಿನೀರಿಗೆ ಚಾಕು ಅದ್ದಿ ಸವರಿದೆ. ಸರಿಯಾಯಿತು, ಪೂರ್ತಿ ಸರಿಯಾಗಲಿಲ್ಲ.

ಈಗ ನೋಡಿ, ಹೊರಗೆ ಹೋಗಿ ಘಾಟಿಯ ಕತೆಯೆಲ್ಲ ಹೇಳಬಹುದಿತ್ತು. ಹಿಂದಿನ ದಿನ ಬೆಳಿಗ್ಗೆ ನಾಲ್ಕಕ್ಕೆ ಎದ್ದದ್ದು, ಕರೆಂಟು ಹೋದದ್ದು, ನಾಲ್ಕು ಗಂಟೆ ಕಾಲು ಮರಗಟ್ಟಿದ್ದು. ಎಲ್ಲ ನಿಜವೇ. ನಾವು ಹೆಂಗಸರು ಈ ಕೆಲಸದಲ್ಲಿ ಪಳಗಿದವರು. ಬಡಿಸುವಾಗಲೇ ಪಟ್ಟ ಪಾಡನ್ನೂ ಬಡಿಸುತ್ತೇವೆ. ಆಗ ತಿನ್ನುವವರು ತಿಂಡಿಯ ಜೊತೆಗೆ ಒಂದು ಸಾಲವನ್ನೂ ನುಂಗಬೇಕಾಗುತ್ತದೆ. ಪಟ್ಟ ಶ್ರಮವನ್ನು ಹೇಳಿ ಹೇಳಿ ಹಚ್ಚುವುದೂ ಒಂದು ಬಗೆಯ ಐಸಿಂಗೇ, ಅದರಷ್ಟು ದಪ್ಪಗೆ ಇನ್ಯಾವುದನ್ನೂ ಹಚ್ಚುವುದಕ್ಕೆ ಆಗುವುದಿಲ್ಲ. ಅದೇ ದುಡ್ಡಿಗೆ ಮಾಡಿದ ಕೇಕಾಗಿದ್ದರೆ ಜಜ್ಜಿದ್ದನ್ನು ತೋರಿಸಿ ಬೆಲೆ ಇಳಿಸುವುದು ನ್ಯಾಯ. ಆರು ವರ್ಷದ ಹುಡುಗನಿಗೆ ದೊಡ್ಡಮ್ಮ ತಂದ ಕೇಕಿನಲ್ಲಿ ಅಕ್ಕಿಚೀಲದ ಪಾಲು ಎಷ್ಟೆಂದು ತಿಳಿದು ಆಗಬೇಕಾದ್ದೇನು?

ತಂಗಿಯ ಕಪಾಟಿನಲ್ಲಿ ಬಣ್ಣಬಣ್ಣದ ಜೆಮ್ಸ್ ಮಿಠಾಯಿಯ ಪೊಟ್ಟಣಗಳಿದ್ದವು. ಜಜ್ಜಿದ ಪಕ್ಕಕ್ಕೆ ಒತ್ತೊತ್ತಾಗಿ ಅಂಟಿಸಿದೆ. ಸಂಜೆ ದೀಪ ಹಚ್ಚಿ, ಪೆಟ್ಟಿಗೆಯಿಂದ ತೆಗೆದಿಟ್ಟಾಗ ಹುಡುಗ ಕೇಕಿನ ಸುತ್ತ ಒಂದು ಪ್ರದಕ್ಷಿಣೆ ಬಂದ. ಮಕ್ಕಳ ಕಣ್ಣಿಗೆ ಏನು ತಾನೇ ತಪ್ಪುತ್ತದೆ!

‘ದೊಡ್ಡಮ್ಮಾ, ಜೆಮ್ಸ್ ಎಲ್ಲ ಈ ಕಡೆಗೇ ಯಾಕೆ?’

‘ನೀನು ಕೂತುಕೊಳ್ಳುವ ಕಡೆ ಅದು’ ಎಂದೆ.

ಅವನು ಕುರ್ಚಿ ಎಳೆದುಕೊಂಡು ಬಂದು ಆ ಕಡೆಗೇ ಕುಳಿತ.